ಮೊದಲ ಕಂತಿನ ಹುಡುಗಿ



ದೃಶ್ಯಮಾಧ್ಯಮಕ್ಕೆ ಸಂಬಂಧಿಸಿದ ಯಾವ ವಿಷಯವಾದರೂ ಆಗಬಹುದು ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದಾಗ ನಾನು ಒಂದೇ ಒಂದು ಕಂತನ್ನು ಆರಿಸಿಕೊಂಡೆ. ಇಪ್ಪತ್ತೈದು ನಿಮಿಷವೂ ತುಂಬದ, ಇಕ್ಕಟ್ಟಾದ ಸ್ಟುಡಿಯೋದಲ್ಲಿ ತೆಗೆದ ಕಪ್ಪು-ಬಿಳುಪು ಕಂತು. ಬಿಬಿಸಿ 1963ರ ನವೆಂಬರ್ 23ರ ಶನಿವಾರ ಸಂಜೆ ಪ್ರಸಾರ ಮಾಡಿದ ‘ಡಾಕ್ಟರ್ ಹೂ’ ಸರಣಿಯ ಮೊಟ್ಟಮೊದಲ ಕಂತು ಅದು. ಹೆಸರು ‘ಆ್ಯನ್ ಅನ್‌ಅರ್ಥ್ಲಿ ಚೈಲ್ಡ್’. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು. ಮನೆಮನೆಯಲ್ಲೂ ಅದೇ ಮಾತು. ಹಾಗಾಗಿ ಮುಂದಿನ ಶನಿವಾರ ಎರಡನೆಯ ಕಂತಿಗೆ ಮುಂಚೆ ಮೊದಲನೆಯದನ್ನು ಇನ್ನೊಮ್ಮೆ ಹಾಕಿದರು. ಮರಳಿ ನೋಡಿಸಿಕೊಳ್ಳುವುದು ಈ ಕಂತಿನ ಹಣೆಯಲ್ಲೇ ಬರೆದಿತ್ತು.

ಆ ಶನಿವಾರಗಳ ಪ್ರೇಕ್ಷಕರಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ಇಂದು ನಮಗೆ ಗೊತ್ತಿರುವುದು ಬಹಳ ಹೆಚ್ಚು. ನಡುವಿನ ಆರು ದಶಕಗಳಲ್ಲಿ ಹತ್ತಾರು ಲೇಖಕರು ಸೇರಿ ಈ ಸರಣಿಗೆ ಒಂದು ಪುರಾಣವನ್ನೇ ಕಟ್ಟಿದ್ದಾರೆ. ಒಂದು ಜನಾಂಗ, ಒಂದು ಗ್ರಹ, ಅದರ ಕಾನೂನು, ಅದರ ಪಾಪ, ಅದರ ವಿನಾಶ, ಎಲ್ಲವೂ ಬಂದಿವೆ. ಆ ಪುರಾಣವನ್ನು ಅರೆದು ಕುಡಿದ ಮೇಲೆ ಮೊದಲ ಕಂತಿಗೆ ಹಿಂದಿರುಗಿದರೆ ಏನು ಕಾಣುತ್ತದೆ? ನನ್ನ ಉತ್ತರ ಇದು: ಆಮೇಲೆ ಬಂದ ಪುರಾಣ ಈ ಕಂತನ್ನು ಕೆಡಿಸಿಲ್ಲ. ಆದರೆ ಕಂತಿನ ನಟ್ಟನಡುವೆ ನಿಂತಿದ್ದ ಹುಡುಗಿಯನ್ನು ಬದಿಗೆ ಸರಿಸಿ, ಅವಳ ತಾತನನ್ನು ತಂದು ಅಲ್ಲಿ ನಿಲ್ಲಿಸಿದೆ. ನಾವು ಮತ್ತೆ ನೋಡುವಾಗ ಅವಳನ್ನು ಅವಳ ಜಾಗಕ್ಕೆ ಕರೆತರಬೇಕು.

ಸರಣಿಯ ಪರಿಚಯ ಇಲ್ಲದವರಿಗಾಗಿ ಕಥೆ ಹೇಳುತ್ತೇನೆ. ಲಂಡನ್ನಿನ ಕೋಲ್ ಹಿಲ್ ಶಾಲೆಯ ಇಬ್ಬರು ಶಿಕ್ಷಕರು, ಚರಿತ್ರೆ ಕಲಿಸುವ ಬಾರ್ಬರಾ ರೈಟ್ ಮತ್ತು ವಿಜ್ಞಾನ ಕಲಿಸುವ ಇಯಾನ್ ಚೆಸ್ಟರ್ಟನ್, ತಮ್ಮ ವಿದ್ಯಾರ್ಥಿನಿಯೊಬ್ಬಳ ಬಗ್ಗೆ ಚಿಂತೆಗೊಳಗಾಗಿದ್ದಾರೆ. ಸೂಸನ್ ಫೋರ್‌ಮನ್, ವಯಸ್ಸು ಹದಿನೈದು. ಕೆಲವು ವಿಷಯಗಳಲ್ಲಿ ಮೇಷ್ಟ್ರನ್ನೇ ಮೀರಿಸುತ್ತಾಳೆ. ಬೀದಿಯ ಮಕ್ಕಳಿಗೂ ಗೊತ್ತಿರುವ ಸಂಗತಿ ಅವಳಿಗೆ ಗೊತ್ತಿರುವುದಿಲ್ಲ. ಶಾಲೆಯ ದಾಖಲೆಯಲ್ಲಿರುವ ವಿಳಾಸ ಟಾಟರ್ಸ್ ಲೇನ್, 76. ಬಾರ್ಬರಾ ಹುಡುಕಿಕೊಂಡು ಹೋದರೆ ಅಲ್ಲಿ ಮನೆಯಿಲ್ಲ, ಗುಜರಿ ಸಾಮಾನಿನ ಅಂಗಳವಿದೆ. ಒಂದು ರಾತ್ರಿ ಇಬ್ಬರೂ ಕಾರಿನಲ್ಲಿ ಕಾದು ಕುಳಿತು, ಹುಡುಗಿ ಒಳಗೆ ಹೋದದ್ದನ್ನು ನೋಡಿ ಹಿಂಬಾಲಿಸುತ್ತಾರೆ. ಅಂಗಳದಲ್ಲಿ ಹುಡುಗಿ ಇಲ್ಲ. ರಸ್ತೆಬದಿಯಲ್ಲಿ ಇರಬೇಕಾದ ಪೊಲೀಸ್ ಪೆಟ್ಟಿಗೆಯೊಂದಿದೆ. ಮುಟ್ಟಿದರೆ ಅದರೊಳಗೆ ಏನೋ ಗುಂಯ್‌ಗುಡುತ್ತದೆ. ಕೆಮ್ಮುತ್ತ ಒಬ್ಬ ಮುದುಕ, ಸೂಸನ್ನಳ ತಾತ, ಬರುತ್ತಾನೆ, ಇವರನ್ನು ಸಾಗಹಾಕಲು ನೋಡುತ್ತಾನೆ. ಒಳಗಿನಿಂದ ಸೂಸನ್ನಳ ಧ್ವನಿ ಕೇಳಿ ಬಾರ್ಬರಾ ನುಗ್ಗುತ್ತಾಳೆ. ಮರದ ಪುಟ್ಟ ಪೆಟ್ಟಿಗೆಯ ಬಾಗಿಲು ದಾಟಿದರೆ ಬೆಳಕು ತುಂಬಿದ ವಿಶಾಲ ಕೋಣೆ, ಗೋಡೆಯ ತುಂಬ ವೃತ್ತಗಳು, ನಡುವೆ ಆರು ಮೂಲೆಯ ಚಾಲನಾ ಫಲಕ. ಆ ಪೆಟ್ಟಿಗೆ ಕಾಲದಲ್ಲಿ ಓಡಾಡುವ ಯಂತ್ರ. ಅರವತ್ತು ವರ್ಷದ ಮೇಲೂ ಆ ಒಂದು ದೃಶ್ಯಬದಲಾವಣೆ ಎದೆ ನಡುಗಿಸುತ್ತದೆ.

ಕಾರಿನಲ್ಲಿ ಕುಳಿತ ಶಿಕ್ಷಕರು ನೆನಪಿಸಿಕೊಳ್ಳುವ ತರಗತಿಯ ಪ್ರಸಂಗಗಳನ್ನು ಗಮನಿಸಿ. ಅಲ್ಲೆಲ್ಲ ಕ್ಯಾಮೆರಾ ಶಿಕ್ಷಕರನ್ನು ತೋರಿಸುವುದಿಲ್ಲ. ಶಿಕ್ಷಕರ ದನಿಯಷ್ಟೇ ಕೇಳುತ್ತದೆ, ಮುಖ ಸೂಸನ್ನಳದು. ಕ್ಯಾರೊಲ್ ಆ್ಯನ್ ಫೋರ್ಡ್ ಎಂಬ ನಟಿಯ ದೊಡ್ಡ ಕಣ್ಣುಗಳು ಪರದೆಯನ್ನು ತುಂಬಿಕೊಳ್ಳುತ್ತವೆ. ಲೆಕ್ಕವೊಂದನ್ನು ಮೂರು ಆಯಾಮದಲ್ಲಿ ಬಿಡಿಸು ಎಂದರೆ ಅವಳು ನಾಲ್ಕನೆಯದಾಗಿ ಕಾಲವೂ ಐದನೆಯದಾಗಿ ಆಕಾಶವೂ ಬೇಕೆಂದು ಹಟ ಹಿಡಿಯುತ್ತಾಳೆ. ಇನ್ನೊಮ್ಮೆ ಒಂದು ಪೌಂಡಿಗೆ ಎಷ್ಟು ಶಿಲ್ಲಿಂಗ್ ಎಂಬ ಪ್ರಶ್ನೆಗೆ ತಬ್ಬಿಬ್ಬಾಗುತ್ತಾಳೆ. ನಿಮ್ಮಲ್ಲಿ ದಶಮಾಂಶ ಪದ್ಧತಿ ಇದೆಯೆಂದು ತಿಳಿದಿದ್ದೆ ಎನ್ನುತ್ತಾಳೆ. ತರಗತಿ ನಗುತ್ತದೆ. ಬ್ರಿಟನ್ನಿನ ನಾಣ್ಯ ದಶಮಾಂಶಕ್ಕೆ ಬದಲಾದದ್ದು 1971ರ ಫೆಬ್ರುವರಿ 15ರಂದು. ಆ ದಿನದಿಂದ ಈ ದೃಶ್ಯದ ಅರ್ಥವೇ ತಿರುಗಿತು: ಹುಡುಗಿ ತಪ್ಪು ಹೇಳಿರಲಿಲ್ಲ, ಮುಂಚೆ ಹೇಳಿದ್ದಳು. ಇದನ್ನು ಯಾವ ಲೇಖಕನೂ ಬದಲಿಸಲಿಲ್ಲ, ಚರಿತ್ರೆ ಬದಲಿಸಿತು. ಬರೆದವರದು ದಿವ್ಯದೃಷ್ಟಿಯೇನೂ ಅಲ್ಲ. ಸರ್ಕಾರ ಈ ವಿಷಯಕ್ಕೆಂದೇ ನೇಮಿಸಿದ್ದ ಹಾಲ್ಸ್‌ಬರಿ ಸಮಿತಿ ಅದೇ 1963ರಲ್ಲಿ ವರದಿ ಕೊಟ್ಟಿತ್ತು, ಆ ಮಾತು ಗಾಳಿಯಲ್ಲಿತ್ತು. ನಮ್ಮ ದೇಶಕ್ಕೆ 1957ರ ಏಪ್ರಿಲ್ 1ರಂದೇ ನಯಾ ಪೈಸೆ ಬಂದಿತ್ತು. ಧಾರವಾಡದ ಶಾಲೆಯಲ್ಲಿ ಒಂದು ಮಗು ಅದೇ ಉತ್ತರ ಕೊಟ್ಟಿದ್ದರೆ ಯಾರೂ ನಗುತ್ತಿರಲಿಲ್ಲ.

ಈ ಕಂತನ್ನು ಎರಡು ಬಾರಿ ಚಿತ್ರೀಕರಿಸಿದರು, ಎರಡೂ ಉಳಿದಿವೆ. ನನ್ನ ವಾದದ ಬೇರು ಇರುವುದು ಇಲ್ಲಿ. ಲೈಮ್ ಗ್ರೋವ್ ಸ್ಟುಡಿಯೋದಲ್ಲಿ 1963ರ ಸೆಪ್ಟೆಂಬರ್ 27ರಂದು ಮೊದಲ ಚಿತ್ರೀಕರಣವಾಯಿತು. ನಿರ್ಮಾಪಕಿ ಇಪ್ಪತ್ತೇಳರ ವೆರಿಟಿ ಲ್ಯಾಂಬರ್ಟ್. ನಿರ್ದೇಶಕ ಇಪ್ಪತ್ನಾಲ್ಕರ ವಾರಿಸ್ ಹುಸೇನ್. ಲಖನೌದಲ್ಲಿ ಹುಟ್ಟಿ, ಬಾಲ್ಯದಲ್ಲೇ ಇಂಗ್ಲೆಂಡಿಗೆ ಹೋದವರು, ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಂ’ ಬರೆದ ಕಾದಂಬರಿಗಾರ್ತಿ ಅತಿಯಾ ಹುಸೇನರ ಮಗ. ಹುಟ್ಟೂರು ಬಿಟ್ಟು ಪರದೇಶದ ಶಾಲೆಯಲ್ಲಿ ಕೂತ ಮಗುವಿನ ಮುಖವನ್ನು ಹೇಗೆ ತೋರಿಸಬೇಕೆಂದು ಈ ನಿರ್ದೇಶಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಆ ಮೊದಲ ಯತ್ನವನ್ನು ನೋಡಿ ಒಪ್ಪಲಿಲ್ಲ. ಯಂತ್ರದ ಬಾಗಿಲು ಮುಚ್ಚಿಕೊಳ್ಳುತ್ತಿರಲಿಲ್ಲ, ಮುದುಕ ವಿಪರೀತ ಕಟುವಾಗಿದ್ದ. ಪೂರ್ತಿ ಮತ್ತೆ ತೆಗೆಯಿರಿ ಎಂದರು. ಅಕ್ಟೋಬರ್ 18ರಂದು ಮತ್ತೆ ತೆಗೆದರು. ಪ್ರಸಾರವಾದದ್ದು ಇದು.

ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ವ್ಯತ್ಯಾಸಗಳು ಸಣ್ಣವೆಂದೇ ಕಾಣುತ್ತವೆ. ಮೊದಲನೆಯದರಲ್ಲಿ ಸೂಸನ್ ಖಾಲಿ ತರಗತಿಯಲ್ಲಿ ಒಬ್ಬಳೇ ಕೂತು ಕಾಗದದ ಮೇಲೆ ಮಸಿ ಸಿಡಿಸಿ ಅದರ ಸುತ್ತ ಆರು ಮೂಲೆಯ ಆಕೃತಿ ಬರೆಯುತ್ತಾಳೆ. ಎರಡನೆಯದರಲ್ಲಿ ಫ್ರಾನ್ಸಿನ ಕ್ರಾಂತಿಯ ಪುಸ್ತಕವನ್ನು ತಿರುವಿ, ಇದು ಹೀಗಲ್ಲವಲ್ಲ ಎಂದು ಹುಬ್ಬು ಗಂಟಿಕ್ಕುತ್ತಾಳೆ. ಮಸಿಯ ಆಟ ಅವಳನ್ನು ವಿಚಿತ್ರ ಜೀವಿಯನ್ನಾಗಿಸುತ್ತಿತ್ತು. ಪುಸ್ತಕವಾದರೋ ಅವಳನ್ನು ಸಾಕ್ಷಿಯನ್ನಾಗಿಸುತ್ತದೆ: ಆ ಬೀದಿಗಳಲ್ಲಿ ಓಡಾಡಿ ಬಂದವಳು, ಅದರ ಬಗ್ಗೆ ಬೇರೆಯವರು ಬರೆದದ್ದನ್ನು ಓದುತ್ತಿದ್ದಾಳೆ. ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಮೊದಲ ಚಿತ್ರೀಕರಣದಲ್ಲಿ ಅವಳು ತಾನು 49ನೆಯ ಶತಮಾನದಲ್ಲಿ ಹುಟ್ಟಿದವಳೆಂದು ಹೇಳುತ್ತಾಳೆ. ಎರಡನೆಯದರಲ್ಲಿ ಶತಮಾನದ ಸಂಖ್ಯೆ ಹೋಗಿದೆ. ಬೇರೊಂದು ಕಾಲ, ಬೇರೊಂದು ಲೋಕ ಎಂದಷ್ಟೇ ಉಳಿದಿದೆ.

ಆ ಒಂದು ಸಂಖ್ಯೆಯನ್ನು ಹೊಡೆದುಹಾಕದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ತಾತ-ಮೊಮ್ಮಗಳು ಬಹುಶಃ ಭವಿಷ್ಯದ ಮನುಷ್ಯರಾಗಿ ಉಳಿಯುತ್ತಿದ್ದರು. ಮುಂದೆ ಬಂದ ಪುರಾಣದ ಪ್ರತಿ ಸಾಲೂ ಮೊದಲ ಕಂತಿನೊಂದಿಗೆ ಜಗಳವಾಡಬೇಕಾಗುತ್ತಿತ್ತು. ಬರೆದವರಾದ ಆ್ಯಂಟನಿ ಕೋಬರ್ನ್, ಕಥಾ ಸಂಪಾದಕ ಡೇವಿಡ್ ವಿಟೇಕರ್, ಲ್ಯಾಂಬರ್ಟ್, ಹುಸೇನ್, ಇವರಲ್ಲಿ ಯಾರಿಗೂ ಮುಂದಿನದು ಗೊತ್ತಿರಲಿಲ್ಲ. ಸರಣಿ ಕೆಲವು ವಾರ ನಡೆದರೆ ಸಾಕೆಂಬ ಸ್ಥಿತಿ ಅವರದು. ಅಭಿಮಾನಿಗಳಾದ ನಾವು ಅಲ್ಲಿ ಬೀಜ ಇತ್ತು, ಇಲ್ಲಿ ಮೊಳಕೆ ಒಡೆಯಿತು ಎಂದು ಹೇಳಲು ಆತುರಪಡುತ್ತೇವೆ. ಬೀಜ ಇರಲಿಲ್ಲ. ಅವರು ಜಾಗ ಬಿಟ್ಟಿದ್ದರು.

ಆ ಜಾಗವನ್ನು ತುಂಬಿದ್ದು ನಿಧಾನವಾಗಿ. 1966ರ ಅಕ್ಟೋಬರ್ 29ರಂದು, ಅನಾರೋಗ್ಯದಿಂದ ಬಳಲುತ್ತಿದ್ದ ಮುದುಕನ ಪಾತ್ರಧಾರಿ ವಿಲಿಯಂ ಹಾರ್ಟ್ನೆಲ್ ಸರಣಿ ಬಿಡುವಾಗ, ಡಾಕ್ಟರ್ ಎಂಬ ಆ ಮುದುಕ ಮುಖ ಬದಲಿಸಿ ಪ್ಯಾಟ್ರಿಕ್ ಟ್ರೌಟನ್ ಆದ. ನಟನೊಬ್ಬನ ನಿರ್ಗಮನಕ್ಕೆ ಕಂಡುಕೊಂಡ ಉಪಾಯವೇ ಮುಂದೆ ಪುರಾಣದ ಮೂಲಸ್ತಂಭವಾಯಿತು. ಆ ಕಂತಿನ ಟೇಪನ್ನು ಬಿಬಿಸಿ ಉಳಿಸಿಕೊಳ್ಳಲಿಲ್ಲ. ಮುಖ ಬದಲಾಗುವ ದೃಶ್ಯ ಸೇರಿದಂತೆ ಕೆಲವು ತುಣುಕುಗಳು ಮಾತ್ರ ಸಿಕ್ಕಿವೆ. ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆಯೇ ಹೋದವು. ಮೊದಲ ಕಂತು ಉಳಿದದ್ದು ಭಾಗ್ಯ.

1969ರ ‘ದಿ ವಾರ್ ಗೇಮ್ಸ್’ ಈ ಕಂತಿಗೆ ಸಿಕ್ಕ ಅತ್ಯುತ್ತಮ ವ್ಯಾಖ್ಯಾನ ಎಂಬುದು ನನ್ನ ದೃಢ ಅಭಿಪ್ರಾಯ. ಮ್ಯಾಲ್ಕಂ ಹಲ್ಕ್ ಮತ್ತು ಟೆರೆನ್ಸ್ ಡಿಕ್ಸ್ ಬರೆದ ಆ ಹತ್ತು ಕಂತುಗಳ ಕೊನೆಯಲ್ಲಿ ಡಾಕ್ಟರ್ ಟೈಮ್ ಲಾರ್ಡ್‌ಗಳೆಂಬ ಜನಾಂಗಕ್ಕೆ ಸೇರಿದವನೆಂದು ತಿಳಿಯುತ್ತದೆ. ಅವರು ಎಲ್ಲವನ್ನೂ ಬಲ್ಲವರು, ಆದರೆ ಬರೀ ನೋಡುತ್ತಾರೆ, ಕೈಹಾಕುವುದಿಲ್ಲ. ಆ ಬೇಸರ ತಾಳಲಾರದೆ ಓಡಿಬಂದವನು ಇವನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಕಂತಿಗೆ ಹೋಗಿ. ಶಿಕ್ಷಕರನ್ನು ಹೊರಗೆ ಬಿಡಲು ಮುದುಕ ಒಪ್ಪದಿರುವುದು ಮೊದಲ ನೋಟಕ್ಕೆ ಬರೀ ಅಹಂಕಾರ. ಈಗ ಅದು ತಲೆಮರೆಸಿಕೊಂಡವನ ಭಯ. ಇವರು ಹೊರಗೆ ಹೋಗಿ ಬಾಯಿಬಿಟ್ಟರೆ ಸುದ್ದಿ ಯಾರ ಕಿವಿಗೆ ಬೀಳಬಹುದು? ಹಾರ್ಟ್ನೆಲ್ ಕೋಟಿನ ಅಂಚು ಹಿಡಿದುಕೊಳ್ಳುವ ರೀತಿ, ಮಾತು ನಡುವೆ ನಿಲ್ಲಿಸಿ ಬೇರೆಲ್ಲೋ ನೋಡುವ ರೀತಿ, ಎಲ್ಲಕ್ಕೂ ಹೊಸ ಕಾರಣ ಸಿಗುತ್ತದೆ. ಒಂದು ಚೌಕಟ್ಟನ್ನೂ ಬದಲಿಸದೆ ಡಿಕ್ಸ್ ಮತ್ತು ಹಲ್ಕ್ ಹಳೆಯ ಅಭಿನಯವನ್ನು ಇನ್ನಷ್ಟು ಆಳವಾಗಿಸಿದರು.

ಮುಂದಿನ ಪದರಗಳನ್ನು ಬೇಗ ದಾಟುತ್ತೇನೆ. ಟೈಮ್ ಲಾರ್ಡ್‌ಗಳ ಗ್ರಹಕ್ಕೆ ಗ್ಯಾಲಿಫ್ರೇ ಎಂಬ ಹೆಸರು ಬಂದದ್ದು 1973ರಲ್ಲಿ. 1976ರ ‘ದಿ ಡೆಡ್ಲಿ ಅಸಾಸಿನ್’ನಲ್ಲಿ ರಾಬರ್ಟ್ ಹೋಮ್ಸ್ ಹನ್ನೆರಡು ಬಾರಿ ಮಾತ್ರ ಮರುರೂಪ ಎಂಬ ಮಿತಿ ಹಾಕಿದರು. 1988ರ ‘ರಿಮೆಂಬರೆನ್ಸ್ ಆಫ್ ದಿ ಡಾಲೆಕ್ಸ್’ ಅದೇ ಶಾಲೆಗೆ, ಅದೇ ಗುಜರಿ ಅಂಗಳಕ್ಕೆ ಮರಳಿ ಬಂದು, ಡಾಕ್ಟರ್ 1963ರ ಲಂಡನ್ನಿನಲ್ಲಿ ಒಂದು ಅಪಾಯಕಾರಿ ವಸ್ತುವನ್ನು ಬಚ್ಚಿಟ್ಟಿದ್ದ ಎಂದು ಹೇಳಿತು. 2013ರಲ್ಲಿ ಹಾರ್ಟ್ನೆಲ್‌ನ ಹಳೆಯ ತುಣುಕುಗಳಿಗೆ ಬಣ್ಣ ಹಾಕಿ, ತಾತ-ಮೊಮ್ಮಗಳು ಯಂತ್ರವನ್ನು ಕದಿಯುವುದನ್ನೇ ತೋರಿಸಿದರು.

ಬೇಗ ದಾಟಲಾಗದ್ದು 2020ರ ಮಾರ್ಚ್ 1ರಂದು ಪ್ರಸಾರವಾದ ‘ದಿ ಟೈಮ್‌ಲೆಸ್ ಚಿಲ್ಡ್ರನ್’. ಬರೆದವರು ಆಗಿನ ಮುಖ್ಯ ಲೇಖಕ ಕ್ರಿಸ್ ಚಿಬ್‌ನಲ್, ಡಾಕ್ಟರ್ ಆಗಿದ್ದವರು ಜೋಡಿ ವಿಟೇಕರ್. ಅದರ ಪ್ರಕಾರ ಡಾಕ್ಟರ್ ಗ್ಯಾಲಿಫ್ರೇಯಲ್ಲಿ ಹುಟ್ಟಿದವರೇ ಅಲ್ಲ. ಟೆಕ್ಟೂನ್ ಎಂಬ ವಿಜ್ಞಾನಿಗೆ ಬೇರೊಂದು ಗ್ರಹದಲ್ಲಿ, ಅರಿಯದ ಲೋಕದ ಹೆಬ್ಬಾಗಿಲ ಬುಡದಲ್ಲಿ ಸಿಕ್ಕ ಅನಾಥ ಮಗು. ರೂಪ ಬದಲಿಸುವ ಶಕ್ತಿ ಇದ್ದದ್ದು ಆ ಮಗುವಿಗೆ. ಅದನ್ನು ಪ್ರಯೋಗಕ್ಕೆ ಒಳಪಡಿಸಿ ಟೆಕ್ಟೂನ್ ಆ ಶಕ್ತಿಯನ್ನು ತನ್ನವರಿಗೆ ಹಂಚಿದಳು. ಕೊನೆಗೆ ಮಗುವಿನ ನೆನಪನ್ನು ಅಳಿಸಿಹಾಕಲಾಯಿತು. ಹಾರ್ಟ್ನೆಲ್ ಮೊದಲನೆಯವನಲ್ಲ, ಅವನಿಗಿಂತ ಹಿಂದೆ ಲೆಕ್ಕವಿಲ್ಲದ ಮುಖಗಳಿದ್ದವು.

ಈ ಕಂತಿನ ಬಗ್ಗೆ ಅಭಿಮಾನಿಗಳಲ್ಲಿ ದೊಡ್ಡ ಕೋಲಾಹಲವೇ ಆಯಿತು. ಹಿಂದಿನದಕ್ಕೆ ವಿರೋಧವಾಗಿದೆ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಮೊದಲ ಕಂತಿನಲ್ಲಿ ಮುದುಕ ತಾವು ತಮ್ಮ ಗ್ರಹದಿಂದ ಕಡಿದುಹೋದ ಅಲೆಮಾರಿಗಳು, ಒಂದು ದಿನ ಹಿಂದಿರುಗುತ್ತೇವೆ ಎನ್ನುವಾಗ, ಯಾವ ಗ್ರಹ ಎಂದು ಹೇಳುವುದಿಲ್ಲ. 2020ರ ಬಳಿಕ ಆ ಮಾತು ಕೇಳಿದರೆ ಕರುಳು ಚುರುಕ್ ಎನ್ನುತ್ತದೆ: ತನ್ನದು ಎಂದು ಅವನು ನಂಬಿರುವ ಊರೂ ಅವನದಲ್ಲ, ಅದು ಅವನಿಗೇ ಗೊತ್ತಿಲ್ಲ. ಇದು ಲಾಭ. ನನ್ನ ತಕರಾರು ಬೇರೆ. ಶೀರ್ಷಿಕೆಯ ‘ಚೈಲ್ಡ್’ ಸೂಸನ್ ಆಗಿದ್ದಳು. ಈ ಲೋಕಕ್ಕೆ ಸೇರದ ಮಗು ಅವಳು. 2020ರ ಕಥೆಯ ಬಳಿಕ ಆ ಶೀರ್ಷಿಕೆ ತಾನಾಗಿ ತಾತನ ಕಡೆ ತಿರುಗಿಕೊಂಡಿತು. ಈಗ ಆ ಕಂತು ನೋಡುವ ಹೊಸಬರು ಕಣ್ಣು ಕೀಲಿಸುವುದು ಹಾರ್ಟ್ನೆಲ್‌ನ ಮುಖದ ಮೇಲೆ. ಅಷ್ಟಾಗಿಯೂ ಆ ಹೊಸ ಕಥೆಯಲ್ಲಿ ಅವನ ಸ್ವಂತ ಮೊಮ್ಮಗಳಿಗೆ ಒಂದು ಮೂಲೆಯೂ ಇಲ್ಲ. ಯಾರೂ ಅಲ್ಲದ ಮಗುವೊಂದು ಬೆಳೆದು ಯಾರದೋ ತಾತನಾದದ್ದು ಹೇಗೆ ಎಂಬುದು ಆ ಕಥೆ ಎತ್ತಿಕೊಳ್ಳಬೇಕಾಗಿದ್ದ ಮೊದಲ ಪ್ರಶ್ನೆ.

ಪುರಾಣ ಕೇಳಿ ಬೆಳೆದ ನಮಗೆ ಇಂಥ ಅನುಭವ ಹೊಸದೇನಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದ ಬಹುಭಾಗ ಮತ್ತು ಉತ್ತರಕಾಂಡ ಆಮೇಲೆ ಸೇರಿದವು ಎಂಬುದು ಅನೇಕ ವಿದ್ವಾಂಸರ ಮತ. ಬಾಲಕಾಂಡದಲ್ಲಿ ರಾಮ ವಿಷ್ಣುವೆಂದು ತಿಳಿದ ಮೇಲೆ ಅರಣ್ಯಕಾಂಡದಲ್ಲಿ ಗಿಡಮರಗಳನ್ನು ಸೀತೆಯ ಬಗ್ಗೆ ಕೇಳುತ್ತ ಅಲೆಯುವವನ ದುಃಖವನ್ನು ನಾವು ಬೇರೆ ಕಿವಿಯಿಂದ ಕೇಳುತ್ತೇವೆ. ಉತ್ತರಕಾಂಡದಲ್ಲಿ ಸೀತೆಗೆ ಆಗುವುದನ್ನು ಬಲ್ಲವರಿಗೆ ಸುಂದರಕಾಂಡದ ಉಂಗುರದ ಪ್ರಸಂಗವೂ ಬೇರೆಯೇ. ಸೇರಿಸಿದವರು ಯಾರು, ಎಂದು ಸೇರಿಸಿದರು ಎಂಬುದು ಅಲ್ಲಿ ಊಹೆಯ ಕೆಲಸ. ಇಲ್ಲಿ ಚಿತ್ರೀಕರಣದ ತಾರೀಖು ಗೊತ್ತು, ಹೊಡೆದುಹಾಕಿದ ಸಂಖ್ಯೆ ಗೊತ್ತು, ಸೇರಿಸಿದವರ ಹೆಸರು ಗೊತ್ತು. ಅಂದು ಮಾಡಿದವರಿಗೆ ಏನು ಗೊತ್ತಿತ್ತು ಎಂಬುದನ್ನೂ ಇಂದು ನಮಗೆ ಏನು ಗೊತ್ತಿದೆ ಎಂಬುದನ್ನೂ ಬೇರೆಬೇರೆ ಹಿಡಿದು ನೋಡುವ ಸೌಲಭ್ಯ ನಮಗಿದೆ. ಅದನ್ನು ಬಳಸದೆ ಎಲ್ಲವನ್ನೂ ಕಲಸಿ ನೋಡುವುದು ಆ ತರುಣ ತಂಡಕ್ಕೆ ಮಾಡುವ ಅನ್ಯಾಯ.

ಕಲಸಿ ನೋಡಿದಾಗ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಯಂತ್ರಕ್ಕೆ ಟಾರ್ಡಿಸ್ ಎಂಬ ಹೆಸರನ್ನು ಮೊದಲಕ್ಷರಗಳಿಂದ ಕಟ್ಟಿದ್ದು ತಾನೇ ಎಂದು ಸೂಸನ್ ಇದೇ ಕಂತಿನಲ್ಲಿ ಹೇಳುತ್ತಾಳೆ. ಮುಂದಿನ ಕಥೆಗಳಲ್ಲಿ ಟೈಮ್ ಲಾರ್ಡ್‌ಗಳೆಲ್ಲರೂ ತಮ್ಮ ಯಂತ್ರಗಳನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಹಾಗಾಗಿ ಅವಳ ಮಾತನ್ನು ಮಕ್ಕಳ ಜಂಬವೆಂದು ತಳ್ಳಿಹಾಕುವುದು ರೂಢಿಯಾಗಿದೆ. ನಾನು ಹುಡುಗಿಯನ್ನು ನಂಬುತ್ತೇನೆ. ಅವಳು ಆ ಮಾತು ಹೇಳುವುದು ಜಂಬಕ್ಕಲ್ಲ. ತನ್ನ ಮೇಷ್ಟ್ರಿಗೆ ವಿಷಯ ಅರ್ಥವಾಗಲಿ ಎಂಬ ಕಳಕಳಿಯಿಂದ, ಬೋರ್ಡಿನ ಮುಂದೆ ನಿಂತ ಬುದ್ಧಿವಂತ ವಿದ್ಯಾರ್ಥಿನಿಯ ಹಾಗೆ. ಆ ಕ್ಷಣದಲ್ಲಿ ಪಾತ್ರಗಳು ಅದಲುಬದಲಾಗಿವೆ, ಕಲಿಸುವವಳು ಅವಳು. ಪುರಾಣದ ಅನುಕೂಲಕ್ಕಾಗಿ ಅವಳ ಮಾತನ್ನು ಸುಳ್ಳು ಮಾಡಿದರೆ ಈ ದೃಶ್ಯ ಸತ್ತುಹೋಗುತ್ತದೆ.

ಅದೇ ರೀತಿ ಮುದುಕನನ್ನೂ ಆಮೇಲಿನ ಮಹಾಪುರುಷನ ಕಣ್ಣಿಂದ ನೋಡಬಾರದು. ಮೂರನೆಯ ಕಂತಿನಲ್ಲಿ ಶಿಲಾಯುಗದ ಕಾಡಿನಲ್ಲಿ ಗಾಯಗೊಂಡು ಬಿದ್ದ ಮನುಷ್ಯನ ಬಳಿ ಅವನು ಚೂಪಾದ ಕಲ್ಲೊಂದನ್ನು ಕೈಗೆತ್ತಿಕೊಳ್ಳುತ್ತಾನೆ. ಇಯಾನ್ ಅವನ ಕೈ ಹಿಡಿಯುತ್ತಾನೆ. ದಾರಿಯ ನಕ್ಷೆ ಬರೆಸಿಕೊಳ್ಳಲು ಎತ್ತಿಕೊಂಡೆ ಎಂದು ಮುದುಕ ಸಬೂಬು ಹೇಳುತ್ತಾನೆ. ಇವನು ಇನ್ನೂ ಯಾರನ್ನೂ ಕಾಪಾಡಿದವನಲ್ಲ. ಇವನನ್ನು ಮುಂದೆ ಒಳ್ಳೆಯವನನ್ನಾಗಿ ಮಾಡಿದ್ದು ಆ ಇಬ್ಬರು ಶಿಕ್ಷಕರ ಸಹವಾಸ. ಜ್ಯಾಕ್ಲಿನ್ ಹಿಲ್ ಮತ್ತು ವಿಲಿಯಂ ರಸೆಲ್ ಅದನ್ನು ಎರಡು ವರ್ಷ ತಾಳ್ಮೆಯಿಂದ ಅಭಿನಯಿಸಿ ತೋರಿಸಿದರು. 57 ವರ್ಷದ ಬಳಿಕ, 2022ರಲ್ಲಿ, ರಸೆಲ್ ತೊಂಬತ್ತೇಳರ ವಯಸ್ಸಿನಲ್ಲಿ ಇಯಾನ್ ಆಗಿ ಕೆಲ ಕ್ಷಣ ಮರಳಿ ಬಂದಾಗ ನಾನು ಕಣ್ಣೊರೆಸಿಕೊಂಡೆ.

ಮತ್ತೆ ಸೂಸನ್. ಮೊದಲ ಕಂತಿನ ಕೊನೆಯಲ್ಲಿ ಅವಳು ಬೇಡುವುದು ಒಂದೇ: ಇಲ್ಲೇ ಇರೋಣ. ಈ ಶಾಲೆಯಲ್ಲಿ ಕಳೆದ ಐದು ತಿಂಗಳೇ ತನ್ನ ಬಾಳಿನ ಸುಖದ ದಿನಗಳು ಎನ್ನುತ್ತಾಳೆ. ತಾತ ಒಪ್ಪದಿದ್ದರೆ ಯಂತ್ರವನ್ನೂ ತಾತನನ್ನೂ ಬಿಟ್ಟು ಹೋಗಲು ಸಿದ್ಧ. ಅವನು ಬಾಗಿಲು ತೆರೆಯುವವನ ಹಾಗೆ ಮಾಡಿ ಯಂತ್ರವನ್ನು ಚಾಲೂ ಮಾಡಿಬಿಡುತ್ತಾನೆ. ಸರಣಿಯ ಎಲ್ಲ ಸಾಹಸಗಳೂ ಹೊರಡುವುದು ಒಬ್ಬ ಹುಡುಗಿಯ ಇಚ್ಛೆಯನ್ನು ಮುರಿದ ಈ ಕ್ಷಣದಿಂದ. 1964ರ ಡಿಸೆಂಬರ್ 26ರ ಕಂತಿನಲ್ಲಿ ಅದೇ ತಾತ 22ನೆಯ ಶತಮಾನದ ಲಂಡನ್ನಿನಲ್ಲಿ ಅವಳನ್ನು ಹೊರಗೆ ಬಿಟ್ಟು ಬಾಗಿಲು ಮುಚ್ಚಿದ. ಅವಳಿಗೂ ಬೇರೂರಲು ಒಂದು ನೆಲ ಬೇಕೆಂಬುದು ಅವನ ಕಾರಣ. ಒಂದು ದಿನ ಬರುತ್ತೇನೆಂದು ಮಾತು ಕೊಟ್ಟ. ಎರಡು ಬಾರಿಯೂ ತೀರ್ಮಾನ ಅವನದೇ.

ಮಾತು ಕೊಟ್ಟಂತೆ ಅವನು ಹೋಗಲಿಲ್ಲ. 1983ರ ವಿಶೇಷ ಕಂತಿನಲ್ಲಿ ಅವಳು ಹೀಗೆ ಬಂದು ಹಾಗೆ ಹೋದಳು. 2017ರಲ್ಲಿ ಡಾಕ್ಟರ್‌ನ ಮೇಜಿನ ಮೇಲೆ ಅವಳ ಫೋಟೋ ಕಂಡಿತು. 2025ರ ಮೇ ತಿಂಗಳಲ್ಲಿ ಎಂಬತ್ತನಾಲ್ಕರ ಕ್ಯಾರೊಲ್ ಆ್ಯನ್ ಫೋರ್ಡ್ ಡಾಕ್ಟರ್‌ನ ಮನಸ್ಸಿಗೆ ಕಂಡ ದರ್ಶನವಾಗಿ ಕೆಲವೇ ಕ್ಷಣ ಕಾಣಿಸಿಕೊಂಡರು. ಆ ಸೀಸನ್ ಮುಗಿದರೂ ಅವಳ ಕಥೆ ಮುಂದಕ್ಕೆ ಹೋಗಲಿಲ್ಲ.

ಗ್ಯಾಲಿಫ್ರೇಯ ಚರಿತ್ರೆಗೆ ಇನ್ನೊಂದು ಪದರ ಸೇರಿಸಲು ಹೊರಟಿರುವ ಲೇಖಕರಿಗೆ ನನ್ನದೊಂದು ಬೇಡಿಕೆ ಇದೆ. ಡಾಕ್ಟರ್‌ನ ಹುಟ್ಟಿನ ಗುಟ್ಟನ್ನು ಸಾಕಷ್ಟು ಕೆದಕಿದ್ದಾಗಿದೆ. ಕೋಲ್ ಹಿಲ್ ಶಾಲೆಯ ಆ ಐದು ತಿಂಗಳನ್ನು ಬರೆಯಿರಿ. ಅವಳ ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಿದ್ದರು, ಶಿಲ್ಲಿಂಗಿನ ಲೆಕ್ಕಕ್ಕೆ ತರಗತಿ ನಕ್ಕ ದಿನ ಅವಳು ಮನೆಗೆ ಬಂದು ತಾತನಿಗೆ ಏನು ಹೇಳಿದಳು, ಮರುದಿನ ಮತ್ತೆ ಅದೇ ಶಾಲೆಗೆ ಹೋಗಲು ಅವಳಿಗೆ ಯಾಕೆ ಅಷ್ಟು ಆಸೆ ಇತ್ತು ಎಂಬುದನ್ನು ಬರೆಯಿರಿ.